ಔಷಧಗಳ ಪರಸ್ಪರ ಪರಿಣಾಮ ಮತ್ತು ಪ್ರತಿಕೂಲ ಪ್ರತಿಕ್ರಿಯೆಯನ್ನು ನರ್ಸ್‌ಗಳು ಹೇಗೆ ನಿಭಾಯಿಸುತ್ತಾರೆ?

ಔಷಧವನ್ನು ಬರೆದುಕೊಡುವವರು ವೈದ್ಯರಾದರೂ, ಅದು ರೋಗಿಯ ದೇಹವನ್ನು ಸೇರುವ ಮುನ್ನ ಕೊನೆಯದಾಗಿ ಪರಿಶೀಲಿಸುವವರು ನರ್ಸ್. ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನೂ ತಾಳೆ ನೋಡುವುದು ಎಲ್ಲ ನರ್ಸ್‌ಗಳೂ ಕಲಿತಿರುವ ಪಾಠ. ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯವಾದುದು, ರೋಗಿಯು ತಾನಾಗಿಯೇ ನುಂಗುತ್ತಿರುವ ನೋವಿನ ಮಾತ್ರೆ, ಗಿಡಮೂಲಿಕೆಗಳ ಬಗ್ಗೆ ಕೆದಕಿ ಕೇಳುವುದು, ಏಕೆಂದರೆ ಅನೇಕರು ಅವನ್ನು ಔಷಧವೆಂದೇ ಎಣಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವವರು ಜೊತೆಗೆ ಐಬುಪ್ರೊಫೆನ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇಂಥದ್ದು ತಿಳಿದುಬಂದಾಗ ನರ್ಸ್ ಮುಂದಿನ ಡೋಸ್ ಕೊಡುವ ಮೊದಲೇ ವೈದ್ಯರ ಗಮನಕ್ಕೆ ತಂದು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಹಿಡಿಯುತ್ತದೆಂದು ತಿಳಿಸುವ ರಕ್ತಪರೀಕ್ಷೆ) ವರದಿ ನೋಡಿ, ಒಸಡಿನಲ್ಲಿ ರಕ್ತ ಜಿನುಗುತ್ತಿದೆಯೇ, ಮಲ ಕಪ್ಪಾಗಿದೆಯೇ ಎಂದು ವಿಚಾರಿಸುತ್ತಾರೆ.

ಪ್ರತಿಕ್ರಿಯೆಯ ವಿಷಯದಲ್ಲಿ ಮಾತ್ರ ನಿಮಿಷಗಳ ಲೆಕ್ಕ. ಆ್ಯಂಟಿಬಯೋಟಿಕ್ ಡ್ರಿಪ್ ಹೋಗುತ್ತಿರುವಾಗಲೇ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಕೇಳಿಸಿದರೆ ಅದನ್ನು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ ಎಂದೇ ಭಾವಿಸಬೇಕು. ತಕ್ಷಣ ಔಷಧವನ್ನು ನಿಲ್ಲಿಸುತ್ತಾರೆ, ಆದರೆ ರಕ್ತನಾಳದೊಳಗೆ ಇಟ್ಟಿರುವ ಸಣ್ಣ ಕೊಳವೆಯನ್ನು (ಕ್ಯಾನುಲಾ) ಕೀಳುವುದಿಲ್ಲ. ಸಹಾಯಕ್ಕೆ ಕರೆಕೊಟ್ಟು, ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿ.ಗ್ರಾಂ. ಅಡ್ರಿನಾಲಿನ್ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಲಾಗುತ್ತದೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಆಮೇಲೆ ಆ ಔಷಧದ ಹೆಸರು ಕೇಸ್‌ಶೀಟ್‌ನ ಅಲರ್ಜಿ ಕಾಲಂನಲ್ಲಿ ಎದ್ದುಕಾಣುವಂತೆ ದಾಖಲಾಗಬೇಕು.