ವಯಸ್ಸಾದ ಅಪ್ಪ-ಅಮ್ಮನ ಜೊತೆ ನಾವು ಎಂಟು ಜನ ಫ್ರಾನ್ಸ್‌ನ ಕಾಲುವೆಯಲ್ಲಿ ಒಂದು ವಾರ ಹೌಸ್‌ಬೋಟ್ ಪ್ರವಾಸ ಮಾಡಬಹುದೇ? ಅವರಿಗೆ ಕಷ್ಟವಾಗುತ್ತದೆಯೇ? ಮಿಡಿ ಕಾಲುವೆ ಒಳ್ಳೆಯದೋ, ಬರ್ಗಂಡಿಯೋ?

ಎಂಟು ಜನ, ಮೂರು ತಲೆಮಾರು, ಒಂದು ಬೋಟು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2019ರ ಜೂನ್‌ನಲ್ಲಿ ನಾನು ಮಾಡಿಟ್ಟಿದ್ದ ಎಕ್ಸೆಲ್ ಶೀಟ್ ಕಣ್ಣಮುಂದೆ ಬಂತು. ಅದರಲ್ಲಿ ಒಂದು ಕಾಲಂ ಇತ್ತು: 'ಯಾರಿಗೆ ಏನು ಕೆಲಸ'. ಅಪ್ಪಯ್ಯನ ಹೆಸರಿನ ಮುಂದೆ 'ವಿಶ್ರಾಂತಿ' ಅಂತ ಬರೆದಿದ್ದೆ. ನನಗೆ ಸಾವಿರದ ಇನ್ನೂರು ಯೂರೋ ಡಿಪಾಸಿಟ್ ಹೋಗಿದ್ದು, ಅಪ್ಪಯ್ಯ ಎರಡು ದಿನ ಮಾತು ಬಿಟ್ಟಿದ್ದು, ಎಲ್ಲವೂ ಆ ಒಂದು ಶಬ್ದದಿಂದ.

ನಾವಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಅಪ್ಪ-ಅಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು, ಆಗ ಅಪ್ಪಯ್ಯನಿಗೆ 74. ಅಕ್ಕ-ಭಾವ ಮತ್ತು ಅವರ ಹದಿನೈದರ ಮಗ ಬೆಂಗಳೂರಿನಿಂದ ಬಂದಿದ್ದರು. ನಾನು, ಹೆಂಡತಿ, ಏಳು ವರ್ಷದ ಮಗಳು. ಟುಲೂಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಕಾಸ್ತೆಲ್‌ನೋದಾರಿ ಎಂಬ ಊರು. ಮಿಡಿ ಕಾಲುವೆ ಅಲ್ಲಿ ಅಗಲವಾಗಿ ಕೆರೆಯ ಹಾಗೆ ಆಗಿದೆ, ನಮ್ಮ ಬೋಟು ಅಲ್ಲೇ ಕಟ್ಟಿತ್ತು.

ಮೊದಲೇ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಹೌಸ್‌ಬೋಟ್ ಅಂದ ಕೂಡಲೇ ಮನೆಯವರೆಲ್ಲ ಅಲೆಪ್ಪಿಯನ್ನು ಕಲ್ಪಿಸಿಕೊಳ್ಳುತ್ತಾರೆ: ಓಡಿಸುವವನೊಬ್ಬ, ಮೀನು ಹುರಿದು ಕೊಡುವವನೊಬ್ಬ, ನಾವು ಬೆತ್ತದ ಕುರ್ಚಿಯಲ್ಲಿ. ಇಲ್ಲಿ ಓಡಿಸುವವರೂ ನಾವೇ, ಬೇಯಿಸುವವರೂ ನಾವೇ, ಟಾಯ್ಲೆಟ್ ಪಂಪು ಕಟ್ಟಿಕೊಂಡರೆ ಬಗ್ಗುವವರೂ ನಾವೇ. ಲೈಸೆನ್ಸ್ ಬೇಕಿಲ್ಲ. ಬಾಡಿಗೆಗೆ ಕೊಡುವವರು ಒಂದು ಗಂಟೆ ಪಾಠ ಹೇಳಿ, ಆ ವಾರದ ಮಟ್ಟಿಗೆ ಒಂದು ಕಾರ್ಡು ಬರೆದುಕೊಟ್ಟು, ಬಸ್ಸಿನಷ್ಟು ಉದ್ದದ ಬೋಟನ್ನು ಕೈಗೆ ಕೊಟ್ಟುಬಿಡುತ್ತಾರೆ. ವೇಗ ಗಂಟೆಗೆ 8 ಕಿ.ಮೀ. ಮೀರುವ ಹಾಗಿಲ್ಲ. ಸೈಕಲ್ಲಿನವರು ದಡದ ಮೇಲೆ ಟಾಟಾ ಮಾಡಿ ಮುಂದೆ ಹೋಗುತ್ತಾರೆ.

ಆ ಒಂದು ಗಂಟೆಯ ಪಾಠದ ಹೊತ್ತಿಗೆ ನಮ್ಮವರು ಎಲ್ಲಿದ್ದರು ಗೊತ್ತೇ? ಅಮ್ಮ ಬೋಟಿನ ಪುಟ್ಟ ಅಡುಗೆಮನೆಯಲ್ಲಿ ಹಾಲು ಉಕ್ಕಿಸುತ್ತಿದ್ದಳು. ಹೊಸ ಮನೆ ಹೊಕ್ಕಂತೆ ಅಂತ ಅವಳ ಲೆಕ್ಕ. ಅಕ್ಕ ಮತ್ತು ನನ್ನ ಹೆಂಡತಿ ಹಾಸಿಗೆ ಹಂಚುತ್ತಿದ್ದರು. ಅಪ್ಪಯ್ಯ ದಡದಲ್ಲಿ ಕೈ ಹಿಂದೆ ಕಟ್ಟಿ ನಿಂತು, ಆ ಫ್ರೆಂಚ್ ಮನುಷ್ಯ ನನಗೆ ಹಗ್ಗ ಸುತ್ತಿ ತೋರಿಸುವುದನ್ನೇ ನೋಡುತ್ತಿದ್ದರು. ಎರಡು ಸಲ "ಎಂತ ಹೇಳ್ತಾನೆ?" ಅಂತ ಕೇಳಿದರು. "ಆಮೇಲೆ ಹೇಳ್ತೀನಿ ಅಪ್ಪಯ್ಯ" ಅಂದೆ. ಹೇಳಲಿಲ್ಲ. ಹೇಳುವ ಅಗತ್ಯವೇ ಕಾಣಲಿಲ್ಲ, ಅವರದು ವಿಶ್ರಾಂತಿ ತಾನೇ.

ಈಗ ಲಾಕ್ ಅಂದರೇನು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೀರಿನ ಮಟ್ಟ ಬದಲಾಗುವ ಕಡೆ ಕಾಲುವೆಗೆ ಅಡ್ಡಲಾಗಿ ಎರಡು ಜೋಡಿ ಬಾಗಿಲು, ನಡುವೆ ಕಲ್ಲಿನ ತೊಟ್ಟಿ. ಅಮ್ಮ ಅದನ್ನು ತೊಟ್ಟಿ ಅಂತಲೇ ಕರೆದಳು, ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಹೆಸರು. ಮಿಡಿಯ ತೊಟ್ಟಿಗಳು ಮೊಟ್ಟೆಯಾಕಾರ, ದಡದ ಮಣ್ಣಿನ ಒತ್ತಡ ತಡೆಯಲಿ ಅಂತ ಗೋಡೆಗಳನ್ನು ಹೊರಗೆ ಬಾಗಿಸಿ ಕಟ್ಟಿದ್ದಾರೆ. ಇಳಿಯಬೇಕಾದರೆ ತುಂಬಿದ ತೊಟ್ಟಿಯೊಳಗೆ ಬೋಟು ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನ ಬಾಗಿಲಿನ ತೂಬು ಎತ್ತಿ ನೀರು ಬಿಡುತ್ತಾರೆ. ನೀರಿನ ಜೊತೆ ಬೋಟೂ ಇಳಿಯುತ್ತದೆ. ಈ ಹೊತ್ತಿನಲ್ಲಿ ಬೋಟು ಅತ್ತಿತ್ತ ಹೋಗಿ ಗೋಡೆಗೆ ಬಡಿಯದಂತೆ ಮುಂದೊಬ್ಬರು ಹಿಂದೊಬ್ಬರು ಹಗ್ಗ ಹಿಡಿದಿರಬೇಕು. ಹಗ್ಗದ ಒಂದು ತುದಿ ಬೋಟಿನ ಕೊಂಡಿಗೆ, ನಡುವೆ ದಡದ ಮೇಲಿನ ಕಬ್ಬಿಣದ ಗೂಟಕ್ಕೆ ಬರೀ ಒಂದು ಬಳಸು, ಇನ್ನೊಂದು ತುದಿ ಕೈಯಲ್ಲಿ. ಬೋಟು ಇಳಿದಷ್ಟೂ ಹಗ್ಗ ಬಿಡುತ್ತಾ ಹೋಗಬೇಕು. ಕಟ್ಟಲೇಬಾರದು. ಕಟ್ಟಿದರೆ ನೀರು ಕೆಳಗೆ ಹೋಗುತ್ತದೆ, ಬೋಟು ಮೇಲೆ ನೇತಾಡುತ್ತದೆ.

ಕಾಸ್ತೆಲ್‌ನೋದಾರಿಯಿಂದ ಪೂರ್ವಕ್ಕೆ ಹೊರಟರೆ ಊರು ದಾಟುತ್ತಲೇ ಸಿಗುವುದು ಸೇಂಟ್ ರೋಶ್. ಒಂದು ತೊಟ್ಟಿಯಲ್ಲ, ಮೆಟ್ಟಿಲಿನ ಹಾಗೆ ನಾಲ್ಕು, ಒಟ್ಟು 9 ಮೀಟರಿಗೂ ಮಿಕ್ಕಿದ ಇಳಿತ. ಅಆಇಈ ಕಲಿಯುವ ಮೊದಲೇ ಪರೀಕ್ಷೆ.

ಭಾನುವಾರ ಬೆಳಿಗ್ಗೆ ಅಲ್ಲಿಗೆ ಬಂದಾಗ ಎರಡನೇ ಹಗ್ಗ ಹಿಡಿಯಬೇಕಿದ್ದ ಅಕ್ಕನ ಮಗ ದಡಕ್ಕೆ ಹಾರಿ ವಿಡಿಯೊ ಮಾಡುತ್ತಿದ್ದ. ಸ್ಟಿಯರಿಂಗ್ ಬಿಟ್ಟು ನಾನು ಅಲ್ಲಾಡುವಂತಿರಲಿಲ್ಲ. ಪಕ್ಕದಲ್ಲಿ ಖಾಲಿ ಕೈಯಲ್ಲಿದ್ದವರು ಅಪ್ಪಯ್ಯ. ಹಗ್ಗದ ತುದಿ ಅವರ ಕೈಗಿಟ್ಟು ನಾನು ಹೇಳಿದ್ದು ಇಷ್ಟೇ: "ಗಟ್ಟಿ ಹಿಡ್ಕೊಳ್ಳಿ ಅಪ್ಪಯ್ಯ, ಏನಾದ್ರೂ ಬಿಡಬೇಡಿ."

ಈ ಮಾತನ್ನು ಬಿಡಿಸಿ ನೋಡಿ. 'ಬಿಡಬೇಡಿ.' ಬಿಡುವುದೇ ಆ ಹಗ್ಗದ ಕೆಲಸ. ನಾನು ಹೇಳಬೇಕಿದ್ದದ್ದು 'ಕಟ್ಟಬೇಡಿ, ಬಿಡುತ್ತಾ ಹೋಗಿ.' ಹೇಳಿದ್ದು ನೇರ ಉಲ್ಟಾ. ಎಪ್ಪತ್ನಾಲ್ಕರ ಮನುಷ್ಯನಿಗೆ, ಎಂಟು ಜನರ ಭಾರದ ಬೋಟನ್ನು ಬಿಡಬೇಡ ಅಂದರೆ ಆತ ತನ್ನ ಮುಷ್ಟಿಯನ್ನು ನಂಬುತ್ತಾನಾ? ಐವತ್ತು ವರ್ಷ ಕೊಟ್ಟಿಗೆಯಲ್ಲಿ ಹಸು ಕಟ್ಟಿದ ಕೈ ಅದು. ಮೊದಲ ತೊಟ್ಟಿಯಲ್ಲಿ ನೀರು ಇಳಿಯುವ ಮುಂಚೆ ಹಗ್ಗ ಸುತ್ತಿಕೊಳ್ಳಲು ಅವಕಾಶವಾಗಲಿಲ್ಲವೋ ಏನೋ, ಕೈಯಲ್ಲೇ ಜಾರುತ್ತಾ ಹೋಯಿತು. ಅವರಿಗೆ ಅದು ತಮ್ಮ ಸೋಲು ಅನ್ನಿಸಿರಬೇಕು. ಎರಡನೇ ತೊಟ್ಟಿಯಲ್ಲಿ ಎರಡು ಸುತ್ತು ಬಳಸಿ, ಬೋಟಿನ ಕೊಂಡಿಗೆ ಬಿಗಿದು, ಮೇಲೊಂದು ಗಂಟು ಹಾಕಿ, ಕೈ ಒರೆಸಿಕೊಂಡು ನನ್ನ ಕಡೆ ನೋಡಿ ತಲೆಯಾಡಿಸಿದರು. ಬಂದೋಬಸ್ತಾಯಿತು ಅನ್ನುವ ಹಾಗೆ. ನಾನೂ ತಲೆಯಾಡಿಸಿದೆ. ನನಗೆ ಗಂಟು ಕಂಡಿರಲಿಲ್ಲ.

ಮೊದಲು ಬಂದದ್ದು ಸದ್ದು: ನೆಂದ ಹಗ್ಗ ಬಿಗಿಯುವಾಗ ಬರುವ ಕಿರ್ರ್. ಬೋಟಿನ ಮೂತಿ ಕೆಳಗೆ ಹೋಯಿತು, ಹಿಂಭಾಗ ಅಲ್ಲೇ ನಿಂತಿತು. ಒಳಗೆ ತಟ್ಟೆ ಲೋಟ ಎಲ್ಲ ಒಂದೇ ಕಡೆಗೆ ಜಾರಿದವು, ಕುಕ್ಕರು ನೆಲಕ್ಕೆ ಬಿತ್ತು, ಅಮ್ಮ ಸೋಫಾದ ಅಂಚಿಗೆ ಮೊಣಕೈ ಬಡಿಸಿಕೊಂಡಳು. ಮಗಳ ಕಿರುಚಾಟ. ಲಾಕ್ ನೋಡಿಕೊಳ್ಳುವ ಹೆಂಗಸು ಏನೋ ಕೂಗುತ್ತಾ ಓಡಿಬಂದು ತೂಬು ಮುಚ್ಚಿದಳು, ಮೇಲಿನಿಂದ ಮತ್ತೆ ನೀರು ಬಿಟ್ಟಳು. ಅಷ್ಟರಲ್ಲಿ ಕೊಂಡಿ ಫೈಬರಿನ ಒಂದು ಚೂರನ್ನೂ ಸೇರಿಸಿಕೊಂಡು ಕಿತ್ತು ಬಂದಿತ್ತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಎಲ್ಲರೆದುರು, ಮೊಮ್ಮಕ್ಕಳೆದುರು, "ಅಷ್ಟೂ ಗೊತ್ತಾಗಲ್ವಾ ನಿಮಗೆ?" ಅಂದೆ. ಅಪ್ಪಯ್ಯ ನಿಧಾನಕ್ಕೆ, "ಬಿಡಬೇಡ ಅಂದವನು ನೀನೇ ಅಲ್ವಾ ಮಾರಾಯ" ಅಂದರು. ಅಷ್ಟೇ. ಒಳಗೆ ಹೋಗಿ ಕಿಟಕಿಗೆ ಮುಖ ಮಾಡಿ ಕೂತರು. ಎಕ್ಸೆಲ್ ಶೀಟಿನಲ್ಲಿದ್ದ ವಿಶ್ರಾಂತಿ ಶುರುವಾಯಿತು.

ಬಾಡಿಗೆಯವರ ತಪ್ಪು ಎಳ್ಳಷ್ಟೂ ಇಲ್ಲ. ಅವರ ಮೆಕ್ಯಾನಿಕ್ ಅದೇ ಮಧ್ಯಾಹ್ನ ವ್ಯಾನಿನಲ್ಲಿ ಬಂದು, ಹಿಂದೆ ಬೇರೆ ಜಾಗದಲ್ಲಿ ಹೊಸ ಕೊಂಡಿ ಕೂರಿಸಿಕೊಟ್ಟ. ಅದೂ ಹನ್ನೆರಡೂವರೆಯಿಂದ ಒಂದೂವರೆ ಲಾಕ್‌ನವರ ಊಟದ ಹೊತ್ತು ಕಳೆದ ಮೇಲೆ. ಆ ಒಂದು ಗಂಟೆ ಯಾರ ಬೋಟೂ ಆ ಕಡೆ ಈ ಕಡೆ ಹೋಗುವುದಿಲ್ಲ, ನೀವೂ ಅನ್ನ ಸಾರು ಮಾಡಿಕೊಂಡು ಉಣ್ಣಿ.

ಅಪ್ಪಯ್ಯ ಮತ್ತೆ ಬಾಯಿ ಬಿಟ್ಟದ್ದು ಎರಡನೇ ಸಂಜೆ, ಮರದ ವಿಷಯಕ್ಕೆ. ಮಿಡಿಯ ಎರಡೂ ದಡಕ್ಕೆ ಚಪ್ಪರ ಹಾಕಿದ ಹಾಗೆ ಪ್ಲೇನ್ ಅನ್ನುವ ದೊಡ್ಡ ನೆರಳಿನ ಮರಗಳಿದ್ದವು, 42,000 ಅಂತ ಲೆಕ್ಕ. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡು, ಸಾವಿರಾರು ಮರ ಕಡಿದು ಸುಟ್ಟಿದ್ದಾರೆ. ಮೈಲಿಗಟ್ಟಲೆ ಬರೀ ಬೋಳು ದಡ, ನಡುವೆ ಹೊಸ ಸಸಿಗಳು. ಅಪ್ಪಯ್ಯ ಒಂದು ಬುಡದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೈಯಾಡಿಸಿ, "ಕೊಳೆರೋಗವಾ? ಬೋರ್ಡೋ ಹೊಡೆಯಲ್ವಾ ಇವರು?" ಅಂದರು. ಮಳೆಗಾಲದಲ್ಲಿ ಅಡಿಕೆಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯದ ಮನೆ ನಮ್ಮ ಕಡೆ ಇಲ್ಲ. ಅದು ಹುಟ್ಟಿದ ಬೋರ್ಡೋ ಇದೇ ನೀರಿನ ದಾರಿಯ ಇನ್ನೊಂದು ಕೊನೆಯ ಊರು, ಟುಲೂಸ್ ದಾಟಿ ಇನ್ನೊಂದು ಕಾಲುವೆ ಹಿಡಿದರೆ ಆ ಕಡೆಗೇ ಹೋಗುತ್ತದೆ ಅಂದೆ. ಈ ರೋಗ ಮರದ ಒಳಗೇ ಇರುವುದರಿಂದ ಹೊರಗೆ ಹೊಡೆದ ಔಷಧ ತಾಗುವುದಿಲ್ಲ ಅಂತಲೂ ಹೇಳಿದೆ. ಬೋಟಿನ ಹಗ್ಗದಿಂದಲೂ ಹಬ್ಬುತ್ತದೆ, ಹಾಗಾಗಿ ಮರಕ್ಕೆ ಬೋಟು ಕಟ್ಟುವಂತಿಲ್ಲ. 'ಹಗ್ಗ' ಅಂದಕೂಡಲೇ ಇಬ್ಬರೂ ಸುಮ್ಮನಾದೆವು.

ಆಗ ಹೇಳಿದೆ. ಶನಿವಾರವೇ ಹೇಳಬೇಕಿದ್ದ ಒಂದು ಗಂಟೆಯ ಪಾಠವನ್ನು ಹತ್ತು ನಿಮಿಷದಲ್ಲಿ, ಕನ್ನಡದಲ್ಲಿ. ಅಪ್ಪಯ್ಯ ಪೂರ್ತಿ ಕೇಳಿ, "ಹಂಗಾದ್ರೆ ಇದು ಹಸು ಕಟ್ಟೋ ಹಗ್ಗ ಅಲ್ಲ, ಕೊನೆ ಇಳಿಸೋ ಹಗ್ಗ" ಅಂದರು. ಅಡಿಕೆ ಕೊಯ್ಲು ಕಂಡವರಿಗೆ ಗೊತ್ತು: ಮರದ ಮೇಲಿನವನು ಕೊಯ್ದ ಕೊನೆ, ಅಂದರೆ ಅಡಿಕೆ ಗೊಂಚಲು, ಹಗ್ಗದ ಗುಂಟ ಜಾರಿ ಬರುತ್ತದೆ, ಕೆಳಗಿನವನು ಆ ಹಗ್ಗವನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಹಿಡಿದಿರಬೇಕು. ಇಡೀ ಬೋಟಿನಲ್ಲಿ ಆ ವಿದ್ಯೆ ಕೈಯಲ್ಲಿದ್ದವರು ಅವರೊಬ್ಬರೇ. ಮರುದಿನದಿಂದ ಕಾರ್ಕಾಸೋನ್‌ವರೆಗೆ, ಅಲ್ಲಿಂದ ವಾಪಸ್ಸು ಬರುವಾಗ ಹತ್ತುವ ತೊಟ್ಟಿಗಳಲ್ಲೂ, ಹಿಂದಿನ ಹಗ್ಗ ಅಪ್ಪಯ್ಯನದು. ರಾತ್ರಿ ಬೋಟು ನಿಲ್ಲಿಸಲು ದಡದಲ್ಲಿ ಗೂಟ ಹೊಡೆಯುವುದೂ ಅವರೇ. ಭಾವ ಹೊಡೆದ ಗೂಟವನ್ನು ಒಮ್ಮೆ ಒದ್ದು ನೋಡಿ, ಕಿತ್ತು, ಓರೆಯಾಗಿ ಮತ್ತೆ ಹೊಡೆದರು. ಈ ಕಾಲುವೆ ಕಟ್ಟಿಸಿದ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿಯವನು, 1666ರಲ್ಲಿ ಅಪ್ಪಣೆ ಸಿಕ್ಕು, 1681ರಲ್ಲಿ ಕಾಲುವೆ ತೆರೆಯುವ ಕೆಲವೇ ತಿಂಗಳ ಮುಂಚೆ ಸತ್ತ ಅಂತ ಹೇಳಿದಾಗ, "ಪಾಪ, ಒಂದು ಸುತ್ತು ಹೋಗಿಬರ್ಲಿಲ್ವಾ" ಅಂತ ಒಂದು ಹೊತ್ತು ಪೂರ್ತಿ ಅದನ್ನೇ ಹೇಳುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿರಿಯರಿಗೆ ಕಷ್ಟವಾಗುತ್ತದೆಯೇ ಅನ್ನುವ ಪ್ರಶ್ನೆಯೇ ತಪ್ಪು. ಅವರನ್ನು ಸೂಟ್‌ಕೇಸಿನ ಲೆಕ್ಕದಲ್ಲಿ ಇಟ್ಟುಕೊಂಡು ಕೇಳುವ ಪ್ರಶ್ನೆ ಅದು, ನಾನೂ ಕೇಳಿದ್ದೆ. ಮಂಡಿ ನೋವಿದ್ದರೆ ಮೆಟ್ಟಿಲು ಕಡಿಮೆ ಇರುವ, ಓಡಿಸುವ ಜಾಗ ಕೋಣೆಯ ಮಟ್ಟದಲ್ಲೇ ಇರುವ ಬೋಟು ತೆಗೆದುಕೊಳ್ಳಿ, ಎಂಟು ಜನಕ್ಕೆ ಟಾಯ್ಲೆಟ್ ಎರಡಾದರೂ ಇರಲಿ. ನೀರಿನ ಟ್ಯಾಂಕು ದಿನಾ ಸ್ನಾನ ಮಾಡುವ ನಮ್ಮಂಥವರಿಗಾಗಿ ಮಾಡಿದ್ದಲ್ಲ. ನಮ್ಮದು ಎರಡನೇ ದಿನಕ್ಕೇ ಬತ್ತಿತ್ತು, ಕೊಳಾಯಿ ಇರುವ ಊರು ಸಿಕ್ಕಾಗಲೆಲ್ಲ ತುಂಬಿಸಿಕೊಳ್ಳಿ.

ಮಿಡಿಯೋ ಬರ್ಗಂಡಿಯೋ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬರ್ಗಂಡಿ ಕಾಲುವೆ 242 ಕಿ.ಮೀ., ಲಾಕ್‌ಗಳು 189. ಮೊದಲ ಸಲ ಹೋಗುವವರಿಗೆ ಅದು ಬೇಡವೇ ಬೇಡ. ಮಿಡಿಯಲ್ಲೇ ಆರ್ಜಾನ್ಸ್‌ನಿಂದ ಬೇಝಿಯೇ ಪಕ್ಕದ ಫಾನ್ಸೆರಾನ್‌ವರೆಗೆ ಸುಮಾರು 54 ಕಿ.ಮೀ. ಒಂದೂ ಲಾಕ್ ಇಲ್ಲದ ದಾರಿ ಇದೆ. ನಡುವೆ ಲೆ ಸೊಮಾಯ್, ಕಾಪೆಸ್ತಾನ್ ಅಂತ ಚಿಕ್ಕ ಊರುಗಳು, ಮಾಲ್ಪಾಸ್‌ನಲ್ಲಿ ಗುಡ್ಡ ಕೊರೆದ 165 ಮೀಟರ್ ಸುರಂಗ. ಲಾಕ್ ಅಂದರೆ ಭಯವಿದ್ದರೆ ಅಲ್ಲಿಗೆ ಹೋಗಿ, ಹೋದ ದಾರಿಯಲ್ಲೇ ವಾಪಸ್ಸು ಬನ್ನಿ. ಸಿಬ್ಬಂದಿ ಸಮೇತ ಬರುವ ಹೋಟೆಲ್ ಬೋಟುಗಳೂ ಇವೆ. ಯಾರಾದರೂ ಅದನ್ನು ಸೂಚಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ದುಡ್ಡು ಸುರಿದು ಇಡೀ ಮನೆಯವರಿಗೆ ವಿಶ್ರಾಂತಿ ಕೊಡಿಸಿದ ಹಾಗಾಗುತ್ತದೆ.

ಆದರೆ ಒಂದು ಮಾಡಿ. ಬೋಟಿನವನು ಹಗ್ಗ ತೋರಿಸುವಾಗ ಎಂಟೂ ಜನ ದಡದ ಮೇಲೆ ಸಾಲಾಗಿ ನಿಂತಿರಲಿ, ಹಾಲು ಆಮೇಲೆ ಉಕ್ಕಿಸಬಹುದು. ಅವನ ಒಂದೊಂದು ವಾಕ್ಯವನ್ನೂ ಅಲ್ಲಲ್ಲೇ ಕನ್ನಡದಲ್ಲಿ ಹೇಳಿ, ಅಪ್ಪನ ಕೈಗೆ ಹಗ್ಗ ಕೊಟ್ಟು ಒಮ್ಮೆ ಮಾಡಿಸಿ. ನಿಮ್ಮ ತಂದೆ ಏನು ಕೆಲಸ ಮಾಡುತ್ತಿದ್ದರು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಕಾಮೆಂಟಿನಲ್ಲಿ ತಿಳಿಸಿ, ಹಿಂದಿನ ಹಗ್ಗ ಯಾರಿಗೆ ಕೊಡಬೇಕು ಅಂತ ಆಮೇಲೆ ಮಾತಾಡೋಣ.