ಕ್ಯಾಡ್ಮಿಯಂನಂಥ ವಿಷಲೋಹವನ್ನು ಗಿಡ, ಪಾಚಿಗಳು ಹೇಗೆ ತಡೆದುಕೊಳ್ಳುತ್ತವೆ?

ಕ್ಯಾಡ್ಮಿಯಂ ಒಂದು ಧಾತು. ಅದನ್ನು ಒಡೆದು ಇಲ್ಲವಾಗಿಸಲು ಯಾವ ಜೀವಿಗೂ ಆಗುವುದಿಲ್ಲ. ಹಾಗಾಗಿ ಗಿಡಗಳು ಅದನ್ನು ಕಟ್ಟಿಹಾಕಿ ಮೂಲೆಗೆ ತಳ್ಳುತ್ತವೆ.

ಕಟ್ಟುವ ಹಗ್ಗ ಫೈಟೋಕೆಲಾಟಿನ್ ಎಂಬ ಪುಟ್ಟ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸರಪಳಿ. ಗ್ಲುಟಮಿಕ್ ಆಮ್ಲ ಮತ್ತು ಸಿಸ್ಟೀನ್ ಜೋಡಿ ಅದರಲ್ಲಿ 2ರಿಂದ 11 ಸಲ ಬರುತ್ತದೆ, ತುದಿಗೆ ಸಾಮಾನ್ಯವಾಗಿ ಒಂದು ಗ್ಲೈಸಿನ್. ಸಿಸ್ಟೀನ್‌ನಲ್ಲಿರುವ ಗಂಧಕವೇ ಲೋಹವನ್ನು ಗಟ್ಟಿಯಾಗಿ ಹಿಡಿಯುವುದು.

ನನಗೆ ತುಂಬಾ ಇಷ್ಟವಾಗುವುದು ಇದರ ತಯಾರಿ. ಬೇಕಾದ ಕಿಣ್ವ ಜೀವಕೋಶದಲ್ಲಿ ಮೊದಲೇ ಸಿದ್ಧವಿರುತ್ತದೆ. ಕ್ಯಾಡ್ಮಿಯಂ ಒಳಗೆ ಬಂದ ಕೂಡಲೇ ಅದು ಚುರುಕಾಗಿ, ಅಲ್ಲೇ ಇರುವ ಗ್ಲುಟಾಥಯೋನ್ ಎಂಬ ಇನ್ನೂ ಚಿಕ್ಕ ಪೆಪ್ಟೈಡ್ ಬಳಸಿ ಫೈಟೋಕೆಲಾಟಿನ್ ಹೆಣೆಯುತ್ತದೆ. ಬಿಡಿ ಲೋಹ ಉಳಿಯದಿದ್ದರೆ ಹೆಣೆಯುವುದೂ ನಿಲ್ಲುತ್ತದೆ! ಆಮೇಲೆ ಲೋಹದ ಕಟ್ಟು ಜೀವಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿ (ವ್ಯಾಕ್ಯುಯೋಲ್) ಸೇರುತ್ತದೆ.

1985ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದನ್ನು ಗಿಡಗಳಲ್ಲಿ ಗುರುತಿಸಿದ್ದು ನಮ್ಮ ಸರ್ಪಗಂಧದ ಜೀವಕೋಶ ಬೆಳೆಸಿ. ಪಾಚಿಗಳಲ್ಲೂ ಇದೇ ಪೆಪ್ಟೈಡ್ ಇದೆ.

ಆದರೆ ಗಿಡಕ್ಕೆ ತೊಂದರೆಯಿಲ್ಲ ಅಂದ ಮಾತ್ರಕ್ಕೆ ನಮಗೂ ಇಲ್ಲ ಅಂತಲ್ಲ. ಲೋಹ ಗಿಡದೊಳಗೇ ಇರುತ್ತದೆ. ಕಾರ್ಖಾನೆಯ ಕೊಳೆನೀರಿನಲ್ಲಿ ಬೆಳೆದ ಸೊಪ್ಪು ಎಷ್ಟೇ ಹಚ್ಚಗಿದ್ದರೂ ದಯವಿಟ್ಟು ತಿನ್ನಬೇಡಿ.