ಹುಟ್ಟಿನಿಂದಲೇ ಹೃದಯದ ದೋಷ ಇದ್ದವರಿಗೆ ದೊಡ್ಡವರಾದ ಮೇಲೆ ಎದೆಬಡಿತ ಏರುಪೇರಾದರೆ ಚಿಕಿತ್ಸೆ ಏನು?

ಚಿಕ್ಕಂದಿನಲ್ಲೇ ಆಪರೇಷನ್ ಆಗಿದೆ, ಮತ್ತೆ ಈಗ ಯಾಕೆ ಈ ತೊಂದರೆ ಅಂತ ಅನ್ನಿಸುತ್ತೆ, ಅಲ್ವಾ? ಎಷ್ಟೋ ಸಲ ಆ ಹಳೆಯ ಹೊಲಿಗೆಯೇ ಕಾರಣ. ಗಾಯದ ಕಲೆಯ ಮೂಲಕ ವಿದ್ಯುತ್ ಸಂಕೇತ ದಾಟುವುದಿಲ್ಲ. ಅದರ ಸುತ್ತಲೇ ಗಿರಕಿ ಹೊಡೆಯತೊಡಗಿದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪುತ್ತವೆ.

ಬಡಿತ ತೀರಾ ಜಾಸ್ತಿಯೇ ಇರಬೇಕು ಅಂತಿಲ್ಲ. ಕೂತಲ್ಲೇ ನಿಮಿಷಕ್ಕೆ 130 ಇದ್ದು, ಗಂಟೆಗಟ್ಟಲೆ ಇಳಿಯದೆ ಅಲ್ಲೇ ನಿಂತಿದ್ದರೆ ಟೆನ್ಷನ್ ಅಂತ ಸುಮ್ನೆ ಬಿಡಬೇಡಿ, ಅವತ್ತೇ ಇಸಿಜಿ ಮಾಡಿಸಿ. ತಲೆ ಸುತ್ತಿ ಬಿದ್ದರೆ, ಉಸಿರು ಕಟ್ಟಿದರೆ ನೇರ ತುರ್ತು ವಿಭಾಗಕ್ಕೆ ಹೋಗಿ.

ಬಿಪಿ ಕುಸಿದಿದ್ದರೆ ತಡಮಾಡದೆ ಶಾಕ್ ಕೊಟ್ಟು ಲಯ ಸರಿಪಡಿಸುತ್ತಾರೆ. ರೋಗಿ ಸ್ಥಿರವಾಗಿದ್ದರೆ ಆತುರವಿಲ್ಲ. ಬಹಳಷ್ಟು ಸಲ ಗಂಟಲಿನಿಂದ ಇಳಿಸುವ ಎಕೋದಲ್ಲಿ (ಹೃದಯದ ಸ್ಕ್ಯಾನ್) ಮೊದಲು ಹೃದಯದೊಳಗೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುತ್ತಾರೆ. ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ಕೊಡುವುದೂ ಇದಕ್ಕೇ.

ಲಯ ಕಾಯುವ ಮಾತ್ರೆಗಳಲ್ಲಿ ಅಮಿಯೋಡರೋನ್ ಗಟ್ಟಿಗ. ಆದರೆ ವರ್ಷಗಟ್ಟಲೆ ತಗೊಂಡರೆ ಥೈರಾಯ್ಡ್, ಶ್ವಾಸಕೋಶ ಕೆಡಬಹುದು. ವಯಸ್ಸು ಚಿಕ್ಕದಿದ್ದಾಗ ಜೀವನವಿಡೀ ಅದನ್ನೇ ನಂಬುವುದು ನನಗೆ ಸರಿ ಕಾಣದು. ಅಬ್ಲೇಷನ್ ಬಗ್ಗೆ ಬೇಗ ಕೇಳಿ. ತೊಡೆಸಂದಿನ ರಕ್ತನಾಳದಿಂದ ತೆಳು ಕ್ಯಾಥೆಟರ್ ತೂರಿಸಿ, ಆ ಗಿರಕಿಯ ದಾರಿಯನ್ನು ಸುಟ್ಟು ಮುಚ್ಚುತ್ತಾರೆ. ಮತ್ತೆ ಮರುಕಳಿಸುವುದೂ ಉಂಟು.

ಬಡಿತ ನಿಧಾನವಾದರೆ ಪೇಸ್‌ಮೇಕರ್. ಕೆಳಕೋಣೆಯ ಅಪಾಯಕಾರಿ ಲಯವಾದರೆ, ಒಳಗಿನಿಂದಲೇ ಶಾಕ್ ಕೊಡುವ ಐಸಿಡಿ ಅನ್ನುವ ಪುಟ್ಟ ಸಾಧನ.

ಹೊಸದಾಗಿ ಲಯ ಕೆಟ್ಟಾಗ ಕವಾಟ ಸೋರುತ್ತಿದೆಯಾ, ಎಲ್ಲಾದರೂ ಕಿರಿದಾಗಿದೆಯಾ ಅಂತಲೂ ಪರೀಕ್ಷಿಸಲೇಬೇಕು. ಜನ್ಮಜಾತ ಹೃದ್ರೋಗದ ಅನುಭವ ಇರುವ ತಜ್ಞರನ್ನೇ ಹುಡುಕಿ, ಹಳೆಯ ಆಪರೇಷನ್ ವರದಿ ಜೊತೆಗಿರಲಿ.